ಬಸಲಿಂಗಮ್ಮನ ಬೇರೆ ಹಂಚು

ಬೆಳಗಿನ ಐದು ಗಂಟೆ. ಗಂಗೆ ಕಡೆಯಿಂದ ಬೆಳಕು ಇನ್ನೂ ಸರಿಯಾಗಿ ಬಂದಿಲ್ಲ. ಕಾಶಿಯ ಈ ಕನ್ನಡ ಮಠದ ಅಡಿಗೆಮನೇಲಿ ಬಸಲಿಂಗಮ್ಮ ಆಗಲೇ ಬೀಸುಕಲ್ಲಿನ ಮುಂದೆ ಕಾಲು ಚಾಚಿ ಕೂತಿದ್ದಾರೆ. ಬೀಸ್ತಿರೋದು ಜೋಳ, ಎರಡೇ ಎರಡು ಬೊಗಸೆ. ಮೂಲೇಲಿ ಮಠದ ಎಪ್ಪತ್ತು ಜನಕ್ಕಾಗೋ ಗೋದಿಹಿಟ್ಟಿನ ಚೀಲ ನಿಂತಿದೆ. ಅದನ್ನ ಮುಟ್ಟೋ ಮುಂಚೆ ಈ ಕೆಲಸ ಮುಗೀಬೇಕು. ಜೋಳಕ್ಕೆ ಬೇರೆ ಕಲ್ಲು, ಹಿಟ್ಟು ನಾದೋಕೆ ಬೇರೆ ಪರಾತ, ಬೇರೆ ಹಂಚು.

ಯಾತ್ರೆಗೆ ಬಂದ ಕಾಳಮ್ಮ ಅನ್ನೋ ಮುದುಕಿ ಬಾಗಿಲಲ್ಲಿ ನಿಂತು ನಗ್ತಾಳೆ. "ಏನವಾ, ಗೋದಿಗೂ ಮೈಲಿಗಿ ಬಂತೇನು?"

"ಮೈಲಿಗಿ ಅಲ್ಲಬೇ. ಕೂಸಿನ ಜೀವ. ಒಳಗ ಕಾಲಿಡಬ್ಯಾಡ, ಸೀರಿ ಸೆರಗಿಗೆ ಗೋದಿಹಿಟ್ಟು ಹತ್ತೈತಿ."

ಈ ಎರಡು ಬೊಗಸೆ ಜೋಳ ಯಾರಿಗೆ ಅಂದ್ರೆ ಅಂಬಾಗೆ. ಮಠದ ಗುಮಾಸ್ತ ಕುಮಾರಯ್ಯನವರ ಮಗಳು, ಈಗ ಆರು ವರ್ಷ. ಅವಳ ತಾಯಿ ತಾರಾದೇವಿ ಕಾಶಿಯಲ್ಲೇ ಹುಟ್ಟಿ ಬೆಳೆದವಳು. ಮಗು ತಾಯಿ ಹತ್ರ ಹಿಂದಿ, ಬಸಲಿಂಗಮ್ಮನ ಹತ್ರ ಮಾತ್ರ ಕನ್ನಡ. ರಕ್ತಸಂಬಂಧ ಏನೂ ಇಲ್ಲ. ಬಸಲಿಂಗಮ್ಮ ರೋಣದ ಕಡೆಯವರು, ಗಂಡ ಹೋದ ಮೇಲೆ ಐವತ್ತೆಂಟನೇ ಇಸವೀಲಿ ಯಾತ್ರೆಯವರ ಜೊತೆ ಬಂದು ಇಲ್ಲೇ ನಿಂತರು. "ಕಾಶಿಗೆ ಮಂದಿ ಸಾಯಾಕ ಬರತಾರ. ನಾ ದುಡಿಯಾಕ ಬಂದೆ" ಅಂತಾರೆ. ಹದಿನೆಂಟು ವರ್ಷದಿಂದ ದಿನಕ್ಕೆ ಇನ್ನೂರು ಚಪಾತಿ, ಎರಡು ಹಂಡೆ ಅನ್ನ, ಶಿವರಾತ್ರಿಗೆ ಅದರ ನಾಲ್ಕರಷ್ಟು. ಉಂಡು ಹೋದವರು ಸಾವಿರಾರು. ಹೆಸರು ಕೇಳಿದೋರು ಎಷ್ಟು ಜನ? ಬಿಡಿ.

ಅಂಬಾಗೆ ಎರಡು ವರ್ಷ ತುಂಬಿದಾಗ ಶುರುವಾಯ್ತು. ಹೊಟ್ಟೆ ಮಡಕೆ ಥರ ಊದ್ಕೊಳ್ತು, ಕೈಕಾಲು ಕಡ್ಡಿ. ದಿನಕ್ಕೆ ಐದು ಸಲ ಭೇದಿ, ನಾತ ಅಂದ್ರೆ ನಾತ. ಓಡಾಡ್ತಿದ್ದ ಮಗು ಗೋಡೆಗೆ ಒರಗಿ ಕೂತರೆ ಕೂತೇ ಇರೋದು. ಗೊಂಬೆ ಕೈಗೆ ಕೊಟ್ಟರೆ ಹಿಡಿಯೋ ತ್ರಾಣ ಇಲ್ಲ.

ನಾಲ್ಕು ಡಾಕ್ಟರಿಗೆ ತೋರಿಸಿದರು. ಒಬ್ಬ ಜಂತು ಅಂದ. ಒಬ್ಬ ಲಿವರ್ ವೀಕು ಅಂದ. ಒಬ್ಬ ಗಂಗೆಯ ನೀರು ಕಾಯಿಸಿ ಕೊಡಿ ಅಂದ. ದೊಡ್ಡಾಸ್ಪತ್ರೆಯ ದೊಡ್ಡ ಡಾಕ್ಟರು ತಾರಾದೇವಿಯನ್ನೇ ಗದರಿದರು, ಮಗೂಗೆ ಹೊಟ್ಟೆಗೆ ಹಾಕ್ತೀಯೋ ಇಲ್ವೋ ಅಂತ! ಹಗುರವಾದ್ದು ಕೊಡಿ ಅಂತ ಚೀಟಿ ಬರೆದರು: ದಲಿಯಾ, ಸೂಜಿ ಖೀರು, ಹಾಲಲ್ಲಿ ಅದ್ದಿದ ಬಿಸ್ಕತ್ತು. ದಲಿಯಾ ಅಂದ್ರೆ ಏನು? ಗೋದಿ ನುಚ್ಚು. ಸೂಜಿ? ಗೋದಿ ರವೆ. ಎರಡು ವರ್ಷದಲ್ಲಿ ಒಬ್ಬನಾದರೂ 'ಏನು ತಿನ್ನಿಸ್ತಿದ್ದೀರಿ' ಅಂತ ಕೇಳಿದನಾ? ಏನು ತಿನ್ನಿಸ್ಬೇಕು ಅಂತ ಹೇಳೋಕೆ ಮಾತ್ರ ಎಲ್ಲರಿಗೂ ನಾಲಿಗೆ ಉದ್ದ.

ಮಠದೊಳಗಿನವರು ಇನ್ನೂ ಒಂದು ಹೆಜ್ಜೆ ಮುಂದೆ. ಉಗ್ರಾಣದ ಶಿವಮೂರ್ತಯ್ಯ ಪಂಕ್ತೀಲೇ ಅಂದರಂತೆ, "ಬಸಲಿಂಗಮ್ಮನ ಕೈ ಸರಿ ಇಲ್ಲ, ಕೂಸಿಗೆ ಆಗಿಬರವಲ್ದು." ಆ ಮಾತು ಆಡ್ತಾ ಅವರು ತಿಂತಿದ್ದದ್ದು ಅದೇ ಕೈಯ ಐದನೇ ಚಪಾತಿ.

ಚೈತ್ರದ ನವರಾತ್ರಿ ಬಂತು. ಇಲ್ಲಿನ ಹೆಂಗಸರು ಒಂಬತ್ತು ದಿನ ಧಾನ್ಯ ಮುಟ್ಟಲ್ಲ. ತಾರಾದೇವಿ ಮಗಳಿಗಾಗಿ ವ್ರತ ಹಿಡಿದಳು. ತಾನು ತಿಂದಿದ್ದನ್ನೇ ಮಗೂಗೂ ಕೊಟ್ಟಳು: ಸಾಬೂದಾನಿ, ಆಲೂಗಡ್ಡೆ, ಕೆರೇಲಿ ಬೆಳೆಯೋ ಸಿಂಘಾಡೆ ಕಾಯಿಯ ಹಿಟ್ಟಿನ ಪೂರಿ. ನಾಲ್ಕನೇ ದಿನ ಭೇದಿ ನಿಂತಿತು. ಏಳನೇ ದಿನ ಮಗು ಅಂಗಳದಲ್ಲಿ ಬೆಕ್ಕಿನ ಹಿಂದೆ ಓಡ್ತು. ದೇವಿ ಒಲಿದಳು ಅಂತ ಇಡೀ ಗಲ್ಲಿ ಕೈಮುಗೀತು.

ಒಂಬತ್ತನೇ ದಿನ ಕನ್ಯಾಪೂಜೆ. ಒಂಬತ್ತು ಹುಡುಗೀರ ಕಾಲು ತೊಳೆದು ಪೂರಿ, ಹಲ್ವ ಬಡಿಸೋದು ವಾಡಿಕೆ. ಅಂಬಾನೇ ಮೊದಲನೇ ಕನ್ಯೆ. ಪೂರಿ ಗೋದೀದು, ಹಲ್ವ ಸೂಜೀದು. ಎಲ್ಲರೂ ಪ್ರೀತಿಯಿಂದ ಒಂದೊಂದು ತುತ್ತು ಹೆಚ್ಚಿಗೇ ತುರುಕಿದರು. ಮೂರನೇ ದಿನಕ್ಕೆ ಮಗು ಮತ್ತೆ ಗೋಡೆಗೆ ಒರಗಿತು. ಪೂಜೇಲಿ ಲೋಪ ಆಗಿದೆ, ದೇವಿ ಮುನಿಸ್ಕೊಂಡಿದ್ದಾಳೆ ಅಂದರು.

ಬಸಲಿಂಗಮ್ಮನಿಗೆ ರೇಗಿಹೋಯ್ತು. "ದೇವಿಗೆ ಬ್ಯಾರೆ ಉದ್ಯೋಗ ಇಲ್ಲೇನು, ಕೂಸಿನ ಹೊಟ್ಟಿ ಮ್ಯಾಲೆ ಸಿಟ್ಟ ತೀರಿಸ್ಕೊಳ್ಳಾಕ? ಎಂಟ್ ದಿನ ಇಲ್ದಿದ್ದು ಏನು, ಒಂಬತ್ತನೇ ದಿನ ಬಂದಿದ್ದು ಏನು? ಗೋದಿ!"

ಈಕೆಗೆ ಅಕ್ಷರ ಬರಲ್ಲ. ಆದರೆ ಅಡಿಗೆಯವರು ದಿನ ಎಣಿಸೋದೇ ಮಾಡಿದ ಅಡಿಗೆಯಿಂದ. ಹಿಂದಿನ ಐದು ತಿಂಗಳು ತಲೇಲಿ ತಿರುವಿ ಹಾಕಿದರು. ಸೋಮವಾರ ಗೋದಿ ಹುಗ್ಗಿ, ಬುಧವಾರ ಭೇದಿ. ಹಿಟ್ಟು ತೀರಿ ಬರೀ ಅನ್ನ ಮಾಡಿದ ನಾಲ್ಕು ದಿನ, ಮಗು ಗೆಲುವು. ಕುಮಾರಯ್ಯನವರನ್ನ ಎಳ್ಕೊಂಡು ದೊಡ್ಡ ಡಾಕ್ಟರ ಹತ್ರ ಹೋದರು. ಅವರು ತಲೆ ಎತ್ತಲೂ ಇಲ್ಲ. "ಮಾತಾಜಿ, ಇಡೀ ಹಿಂದೂಸ್ತಾನ ಗೋದಿ ತಿಂದು ಬದುಕಿದೆ. ನೀವು ಒಲೆ ನೋಡ್ಕೊಳ್ಳಿ, ಇಲಾಜು ನಾವು ನೋಡ್ಕೋತೀವಿ."

"ಎರಡ್ ವರ್ಷ ನೋಡೀರಲ್ಲ, ಕೂಸಿನ ಎಲುಬು ಎಣಸಾಕ ಬರ್ತಾವ!" ಅಂತ ಕನ್ನಡದಲ್ಲೇ ಕೂಗಾಡಿದರು ಬಸಲಿಂಗಮ್ಮ. ಜವಾನ ಹೊರಗೆ ದಬ್ಬಿದ.

ಹೊರಗಿನ ಬೆಂಚಿನ ಹತ್ರ ಕಾಮಾಕ್ಷಿ ಅಂತ ಒಬ್ಬಳು ಹೊಸ ಡಾಕ್ಟರು ತಡೆದು ನಿಲ್ಲಿಸಿದಳು. ಮದ್ರಾಸಿನ ಹುಡುಗಿ, ಬೆಂಗಳೂರಲ್ಲಿ ಓದಿದ್ದರಿಂದ ಕನ್ನಡ ಬರೋದು. "ಅಮ್ಮಾ, ಗೋದಿ ಅಂದ್ರಲ್ಲ, ಇನ್ನೊಂದು ಸಲ ಹೇಳಿ." ಒಂದು ಗಂಟೆ ಕೂತು ಐದು ತಿಂಗಳ ಊಟ ಬರ್ಕೊಂಡಳು. ಕರುಳಿನ ಚೂರು ತೆಗೆದು ಪರೀಕ್ಷೆ ಮಾಡಿಸಿದಳು. ಗೋದಿ, ಬಾರ್ಲಿ ಆಗದೇ ಇರೋ ಕಾಯಿಲೆ ಇದು, ಪುಸ್ತಕದಲ್ಲಿದೆ ಅಂದಳು. ಬಿಳಿಯರ ಮಕ್ಕಳಿಗೆ ಬರೋದು ಅಂತ ಇಲ್ಲಿ ಯಾರೂ ಹುಡುಕೋಕೆ ಹೋಗಲ್ಲ ಅಷ್ಟೆ! ಔಷಧ ಇಲ್ಲ. ಜನ್ಮಪೂರ್ತಿ ಗೋದಿ ಮುಟ್ಟಬಾರದು.

ಅವತ್ತಿಂದ ಜೋಳ. ಊರಿಂದ ಬರೋ ಯಾತ್ರೆಯವರು ಗಂಟು ಕಟ್ಕೊಂಡು ತರ್ತಾರೆ. ಗಿರಣೀಲಿ ಗೋದಿ ಬೆರೆಯುತ್ತೆ ಅಂತ ಇಲ್ಲೇ ಬೀಸೋದು. ಮಗು ಮೈ ತುಂಬ್ಕೊಳ್ತು. ಆದರೆ ಎರಡು ತಿಂಗಳಿಗೆ ಮತ್ತೆ ಭೇದಿ! "ನೋಡಿ, ಜೋಳವೂ ಆಗಲಿಲ್ಲ" ಅಂತ ಶಿವಮೂರ್ತಯ್ಯನವರಿಗೆ ಖುಷಿಯೋ ಖುಷಿ. ಬಸಲಿಂಗಮ್ಮ ಅಡಿಗೆಮನೆಯ ಒಂದೊಂದೇ ಡಬ್ಬಿ ಕೆಳಗಿಳಿಸಿದರು. ಆ ವಾರ ಹೊಸದಾಗಿ ಬಂದಿದ್ದು ಒಂದೇ, ಇಂಗು. ಗಟ್ಟಿ ಎತ್ಕೊಂಡು ಸೀದಾ ವಿಶ್ವನಾಥ ಗಲ್ಲಿಯ ಅಂಗಡಿಗೆ ಹೋದರು.

"ಲಾಲಾ, ಇದರಾಗ ಏನ್ ಹಾಕ್ತಿ?"

"ಅಸಲಿ ಇಂಗು, ಅಮ್ಮಾಜಿ!"

"ಅಸಲಿ ಅಂತ ಕೇಳಲಿಲ್ಲ. ಮತ್ತೇನ್ ಹಾಕ್ತಿ?"

ಆತ ತಲೆ ಕೆರ್ಕೊಂಡ. "ಸ್ವಲ್ಪ ಮೈದಾ. ಎಲ್ಲರೂ ಹಾಕ್ತಾರೆ, ಇಲ್ಲದಿದ್ರೆ ಘಾಟು ತಡೆಯೋಕಾಗಲ್ಲ."

ಮೈದಾ ಅಂದ್ರೆ ಮತ್ತೆ ಗೋದೀನೇ. ಅಲ್ಲಿಗೆ ಅಂಬಾಳ ಸಾರಿಗೆ ಇಂಗು ಬಂದ್. ಎಂಟು ದಿನದಲ್ಲಿ ಮಗು ಸರಿಹೋಯ್ತು. ಶಿವಮೂರ್ತಯ್ಯ ಆಮೇಲೆ ಆ ಮಾತು ಎತ್ತಿಲ್ಲ. ತಪ್ಪಾಯ್ತು ಅಂತಲೂ ಅಂದಿಲ್ಲ, ಅದು ಬೇರೆ.

ಹೋದ ತಿಂಗಳು ಆಸ್ಪತ್ರೆಯಿಂದ ಕರೆ ಬಂತು. ಅಂಬಾನ ಕರ್ಕೊಂಡು ಕುಮಾರಯ್ಯನವರು, ಬಸಲಿಂಗಮ್ಮ ಇಬ್ಬರೂ ಹೋದರು. ಅದೇ ದೊಡ್ಡ ಡಾಕ್ಟರು, ಸುತ್ತ ಇಪ್ಪತ್ತು ವಿದ್ಯಾರ್ಥಿಗಳು. ಅಂಬಾನ ಮೇಜಿನ ಮೇಲೆ ನಿಲ್ಲಿಸಿ, "ನಾವು ಪತ್ತೆ ಮಾಡಿದ ಅಪರೂಪದ ಕೇಸು" ಅಂತ ಭಾಷಣ. ನಾವಂತೆ! ಮಾತಾಜಿ ಒಲೆ ನೋಡ್ಕೊಳ್ಳಿ ಅಂದಿದ್ದ ಬಾಯಿ ಅದೇ. ಕಾಮಾಕ್ಷಿಗೆ ಬೇರೆ ಊರಿಗೆ ವರ್ಗ ಆಗಿತ್ತು, ಎದುರು ಮಾತಾಡೋರು ಯಾರು? ಒಬ್ಬ ವಿದ್ಯಾರ್ಥಿ ಫೈಲು ತೆಗೆದು ಜೋರಾಗಿ ಓದಿದ. ಕಾಮಾಕ್ಷಿಯ ಕೈಬರಹ. ರೋಗದ ಮೂಲ ಗುರುತಿಸಿದವರು ಅನ್ನೋ ಕಡೆ ಬರೆದಿತ್ತು: 'ಮಠದ ಅಡಿಗೆಯವರು, ಬಸಲಿಂಗಮ್ಮ.'

ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು. ದೊಡ್ಡ ಡಾಕ್ಟರು ಗಡಿಯಾರ ನೋಡ್ಕೊಂಡರು. ಕುಮಾರಯ್ಯನವರಿಗೆ ಮುಜುಗರ ಆಗಿ ಮೆಲ್ಲಗೆ ಕೇಳಿದರು, "ಯವ್ವಾ, ಡಾಕ್ಟರಿಗೆ ಹೇಳಿ 'ಅಡಿಗೆಯವರು' ಅನ್ನೋದನ್ನ 'ಅಜ್ಜಿ' ಅಂತ ತಿದ್ದಿಸಲೇನು?"

"ಬ್ಯಾಡ ತಮ್ಮಾ" ಅಂದರು ಬಸಲಿಂಗಮ್ಮ. "ಅಡಿಗಿಯಾಕಿ ಅಂತನ ಇರಲಿ. ಅಜ್ಜಿ ಆಗಿದ್ರ ಬರೇ ಅಳತಿದ್ದೆ."