ಹಳ್ಳದ ಎಲೆಚೀಲ

ನನ್ನದು ಹುಟ್ಟಾ ಸಂಶಯದ ಸ್ವಭಾವ. ಸಂತೆಯಲ್ಲಿ ತಕ್ಕಡಿಯ ತಟ್ಟೆಯ ಕೆಳಗೂ ಕೈಯಾಡಿಸಿ ನೋಡುವವಳು ನಾನು. ಅಂಥವಳ ಎಲೆಗಳಿಗೇ ಯಾರೋ ಕೈ ಹಾಕಿದ್ದರು.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಹಾನಗಲ್ಲಿನ ಹತ್ತಿರದ ಒಂದು ಹಳ್ಳದಲ್ಲಿ ಎಲೆ ಹೇಗೆ ಕೊಳೆಯುತ್ತದೆ ಎಂಬುದು ನನ್ನ ಸಂಶೋಧನೆ. ನೀರಿಗೆ ಬಿದ್ದ ಎಲೆ ತಾನಾಗಿಯೇ ಕರಗುತ್ತದೆ ಎಂದು ಜನ ತಿಳಿದಿದ್ದಾರೆ. ಸುಳ್ಳು. ನೀರಿನಲ್ಲಿ ಬೆಳೆಯುವ ಶಿಲೀಂಧ್ರ, ಅಂದರೆ ಒಂದು ಬಗೆಯ ಬೂಷ್ಟು, ಎಲೆಯೊಳಗೆ ಎಳೆ ಬಿಟ್ಟು ಅದನ್ನು ಮೆತ್ತಗೆ ಮಾಡುತ್ತದೆ. ಆಮೇಲೆಯೇ ಹುಳುಗಳಿಗೆ ಅದು ರುಚಿ. ಹಳ್ಳದ ನೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಬೂಷ್ಟಿನ ಬೀಜಕಣಗಳು ಕೈ ಚಾಚಿದ ನಕ್ಷತ್ರಗಳಂತೆ ಕಾಣುತ್ತವೆ. ಮೊದಲ ಸಲ ಕಂಡಾಗ ನಂಬದೆ ಗಾಜನ್ನೇ ತೊಳೆದಿದ್ದೆ.

ದೀಪಾವಳಿ ಮುಗಿದ ಮೇಲೆ ಹಳೆಯ ಸೊಳ್ಳೆಪರದೆ ಕತ್ತರಿಸಿ ಚೀಲಗಳನ್ನು ಹೊಲಿದೆ. ಒಣಗಿದ ಹೊಂಗೆ ಎಲೆ ತೂಗಿ ತುಂಬಿ, ಕಲ್ಲು ಕಟ್ಟಿ, ಹಳ್ಳಕ್ಕೆ ಇಳಿಬಿಟ್ಟೆ. ಅವತ್ತೇ ದಂಡೆಯ ಮೇಲೆ ನಿಂತಿದ್ದಾಗ ಅಣ್ಣನ ಫೋನು ಬಂತು. ಹಿರೇಕೆರೂರಿನ ಅವನ ಮನೆಯಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. ಅತ್ತು, ಮುಖ ತೊಳೆದು, ಕೊನೆಯ ಚೀಲವನ್ನು ನೀರಿಗಿಳಿಸಿ ಬಂದೆ. ಶಿವರಾತ್ರಿ ಹೊತ್ತಿಗೆ ಹಳ್ಳ ಬತ್ತುತ್ತದೆ. ಅಷ್ಟರೊಳಗೆ ಎಲೆ ಕೊಳೆಯದಿದ್ದರೆ ವರ್ಷದ ದುಡಿಮೆಯೆಲ್ಲ ದಂಡ.

ಕೆಲವು ವಾರ ಬಿಟ್ಟು ಆ ಕೊನೆಯ ಚೀಲ ಎತ್ತಿದರೆ ಒಳಗೆ ಹಸಿರು ಎಲೆ! ಚೀಲದ ಬಾಯಿಗೆ ಕೆಂಪು ದಪ್ಪ ದಾರದ ಹೊಲಿಗೆ. ಒಂದನ್ನು ಮುಟ್ಟಿದವರು ಉಳಿದವನ್ನು ಬಿಟ್ಟಿರುತ್ತಾರೆಯೇ?

ನನ್ನ ಗುಮಾನಿ ನೇರವಾಗಿ ನಮ್ಮ ವಿಭಾಗದ ಸಹೋದ್ಯೋಗಿಯ ಮೇಲೆ ಹೋಯಿತು. ಚಹಾ ಕುಡಿಯುವಾಗಲೆಲ್ಲ ಅವರದು ಒಂದೇ ಪ್ರಶ್ನೆ, "ಏನ್ರಿ ಮೇಡಂ, ಎಲಿ ಎಲ್ಲೀತನಕ ಬಂದಾವು?" ಅಷ್ಟು ಸಿಹಿಯಾಗಿ ಯಾರಾದರೂ ಸುಮ್ಮಸುಮ್ಮನೆ ಕೇಳುತ್ತಾರೆಯೇ? ಅವರ ಬೂಟಿಗೆ ಕೆಸರು ಹತ್ತಿದೆಯೇ ಎಂದು ಬಗ್ಗಿ ನೋಡಿದೆ. ಇರಲಿಲ್ಲ. ತೊಳೆದುಕೊಂಡು ಬಂದಿರಬೇಕು ಎಂದುಕೊಂಡೆ.

ರವಿವಾರ ಬೆಳಿಗ್ಗೆಯೇ ಹೋಗಿ ಪೊದೆಯ ಹಿಂದೆ ಕೂತೆ. ಒಬ್ಬ ಮುದುಕಿ ಕೌದಿ ಹೊತ್ತು ಬಂದಳು. ಒಗೆದು ಬಂಡೆಯ ಮೇಲೆ ಹರವಿ, ನೀರಿಗಿಳಿದು ಸೀದಾ ನನ್ನ ಕೊನೆಯ ಚೀಲ ಎತ್ತಿದಳು. ಹೊಲಿಗೆ ಬಿಚ್ಚಿ ಎಲೆಯನ್ನೆಲ್ಲ ಹಳ್ಳಕ್ಕೆ ಸುರುವಿದಳು. ಉಡಿಯಿಂದ ಹೊಂಗೆಯ ಹಸಿ ಎಲೆ ತೆಗೆದು ತುಂಬಿ, ಕೌದಿ ಹೊಲಿಯುವ ಸೂಜಿಯಿಂದ ಮತ್ತೆ ಬಾಯಿ ಹೊಲಿಯತೊಡಗಿದಳು.

ಎದ್ದು ಓಡಿದೆ. "ಯಾರು ಕಳಿಸ್ಯಾರ ನಿಮ್ಮನ್ನ? ಖರೇ ಹೇಳ್ರಿ!"

ಅವಳು ಹೆದರಲಿಲ್ಲ. "ಯಾರ ಕಳಸ್ತಾರ್ರೀ ಅಕ್ಕಾರ? ಅವತ್ತ ಇಲ್ಲೇ ನಿಂತು ಫೋನಿನ್ಯಾಗ ಅಳಾಕತ್ತಿದ್ರಿ, ಅವ್ವಗ ಆರಾಮಿಲ್ಲಂತ. ಮಾರಿ ತೊಳಕೊಂಡು ಈ ಎಲಿ ನೀರಿಗೆ ಬಿಟ್ರಿ. ಹರಕಿ ಅಂತ ತಿಳಕೊಂಡೆ. ಆಮ್ಯಾಲೆ ನೋಡಿದ್ರ ಎಲಿ ಕೊಳ್ಯಾಕತ್ತಿದ್ದುವು. ಹರಕಿ ಎಲಿ ಕೊಳೀಬಾರದ್ರಿ. ಅದಕ್ಕ ಕೊಳೆತಾವು ತಗದು ತಾಜಾ ಹಾಕಾಕತ್ತೇನಿ."

"ಎಲ್ಲಾ ಚೀಲಕ್ಕೂ ಹಾಕೀರೇನು?"

"ಇಲ್ರಿ, ಇದೊಂದಕ್ಕ. ಉಳದಾವು ಯಾರ್ಯಾರ ಸಲುವಾಗಿ ಅದಾವೋ ಏನೋ. ಮುಟ್ಟಿಲ್ಲ."

ನಂಬಲಿಲ್ಲ. ಒಂದೊಂದೇ ಚೀಲ ಎತ್ತಿ ನೋಡಿದೆ. ಎಲ್ಲದರಲ್ಲೂ ಎಲೆ ಕಪ್ಪಾಗಿ, ಮೆತ್ತಗಾಗಿ, ಚಂದವಾಗಿ ಕೊಳೆಯುತ್ತಿತ್ತು. ನನ್ನ ಕೆಲಸ ಉಳಿದಿತ್ತು. ಎಲೆ ಕೊಳೆಯಲೆಂದೇ ಹಾಕಿದ್ದು ಎಂದು ಅವಳಿಗೆ ಹೇಳಬೇಕಿತ್ತು. ಆದರೆ ಅವಳು, "ಈಗ ಹ್ಯಾಂಗದಾರ್ರೀ ನಿಮ್ಮವ್ವ?" ಎಂದು ಕೇಳಿದಳು. ಆ ಚೀಲವನ್ನು ಅವಳಿಗೇ ಬಿಟ್ಟುಕೊಟ್ಟೆ.

ಸಂಕ್ರಾಂತಿಗೆ ಅವಳು ಸವಣೂರಿನ ಮಗಳ ಮನೆಗೆ ಹೋದವಳು ಬೇಗ ಬರಲಿಲ್ಲ. ಆ ಸಲ ಹೋದಾಗ ಅವಳ ಚೀಲದ ಎಲೆಯ ಮೇಲೂ ಕಪ್ಪು ಮಚ್ಚೆ ಮೂಡಿತ್ತು. ಬೂಷ್ಟು ತನ್ನ ಕೆಲಸ ಶುರು ಮಾಡಿತ್ತು. ಅದು ಯಾರ ಆಯುಷ್ಯದ ಲೆಕ್ಕವೂ ಅಲ್ಲ, ನನಗೆ ಚೆನ್ನಾಗಿ ಗೊತ್ತು. ಆದರೂ ಅವ್ವ ಎರಡು ದಿನದಿಂದ ಊಟ ಬಿಟ್ಟಿದ್ದಳು.

ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಚೆ ಈಚೆ ನೋಡಿದೆ. ಪೊದೆಯ ಹಿಂದೆಯೂ ಹೋಗಿ ಹಣಿಕಿದೆ. ಯಾರೂ ಇರಲಿಲ್ಲ. ಹೊಂಗೆಯ ಹಸಿ ಎಲೆ ಕಿತ್ತು ತಂದು, ಹಳೆಯ ಎಲೆ ಸುರುವಿ, ಚೀಲ ತುಂಬಿ ಹೊಲಿದೆ. ನನ್ನ ಹೊಲಿಗೆ ಸೊಟ್ಟಗಾಯಿತು. ಚೀಲವನ್ನು ನೀರಿಗಿಳಿಸಿ, ಒದ್ದೆ ಕೈಯಲ್ಲೇ ಅಣ್ಣನಿಗೆ ಫೋನು ಹಚ್ಚಿದೆ.