ಬಟ್ಟಲು ಖಾಲಿಯಾದಾಗ ಸುಮ್ಮನೆ ಕೂತದ್ದು

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನಿಮ್ಮ ಅಜ್ಜ ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ, ನಟ್ಟು ಬೋಲ್ಟು ಇಡುವ ಸ್ಟೋರಿನಲ್ಲಿ ಕ್ಲಾರ್ಕ್ ಆಗಿದ್ದರು. ಆ ಕಂಪನಿಗೆ ಹಲವು ಊರುಗಳಲ್ಲಿ ಕಾರ್ಖಾನೆಗಳಿದ್ದವು. ಎಲ್ಲ ಸ್ಟೋರುಗಳನ್ನೂ ಮುಂಬಯಿಯ ಒಂದೇ ಕಂಪ್ಯೂಟರ್ ಇನ್ನು ಮುಂದೆ ನೋಡಿಕೊಳ್ಳುತ್ತದೆ ಎಂದರು ಕಂಪನಿಯವರು. ಅಷ್ಟು ದೊಡ್ಡ ಕೆಲಸವನ್ನು ತುಂಡು ತುಂಡು ಮಾಡಿ ಹಂಚಿದ್ದರು. ಸಾಮಾನು ಕೊಡುವ ತುಂಡು ಇವರದು. ಕಂಪ್ಯೂಟರ್ ಏನೇನು ಮಾಡಬೇಕೆಂದು ಹಂತ ಹಂತವಾಗಿ ಬರೆಯಬೇಕು, ಬಿಡಿಯಾಗಿ ಪರೀಕ್ಷಿಸಬೇಕು, ಆಮೇಲೆ ಬೇರೆಯವರ ತುಂಡುಗಳಿಗೆ ಜೋಡಿಸಬೇಕು. ಸೋಮವಾರ ಸಾಹೇಬರು ನೋಡಲು ಬರುವವರಿದ್ದರು. ತಪ್ಪು ಸಿಕ್ಕರೆ ಕೆಲಸ ಬೇರೆಯವರ ಪಾಲು. ನನಗೆ ಇದರಲ್ಲಿ ಅರ್ಧವೂ ತಿಳಿದಿರಲಿಲ್ಲ.

ಭಾನುವಾರ ಮಧ್ಯಾಹ್ನ, ತಾವು ಬರೆದ ಹಾಳೆಗಳನ್ನು ಪರೀಕ್ಷಿಸಲೆಂದು, ಕಮರಿಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನನ್ನು ಕೂರಿಸಿ, ಮುಂದೆ ಒಂದು ಬಟ್ಟಲು ಶೇಂಗಾ, ಸುತ್ತ ತಟ್ಟೆಗಳನ್ನು ಇಟ್ಟರು.

"ಬಟ್ಟಲ ಅಂದ್ರ ಸ್ಟೋರು. ತಾಟು ಅಂದ್ರ ಸಾಮಾನು ಕೇಳೋರು. ನೀ ಮಷೀನು. ನಾ ಓದಿದಷ್ಟ ಮಾಡು."

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆಯ ಎದುರು ಹೀಗೆ ಕೂರುವುದೇ ನನಗೆ ನಾಚಿಕೆ. ತಲೆ ತಗ್ಗಿಸಿ, ಇವರು ಓದಿದಂತೆ ಶೇಂಗಾ ತೆಗೆದು ತಟ್ಟೆಗಳಿಗೆ ಹಾಕಿದೆ. ಕೊನೆಯ ಹಾಳೆಯವರೆಗೂ ಎಲ್ಲಿಯೂ ತಡೆಯಲಿಲ್ಲ. ಇವರ ಮುಖ ಅರಳಿತು. ಆಮೇಲೆ ಬಟ್ಟಲು ನೋಡಿದರು.

"ಇದು ಇನ್ನೂ ಹ್ಯಾಂಗ ತುಂಬೇತಿ?"

"ತೀರಿದ್ದುವ್ರಿ. ನೀವು ಹಾಳಿ ತಿರುವುವಾಗ ಡಬ್ಬಿಯಿಂದ ತಂದು ಹಾಕಿದೆ."

"ನಾ ಹೇಳಿದ್ನೇನು?"

"ಅದನ್ನೂ ಹೇಳಬೇಕೇನ್ರಿ?"

ಅತ್ತೆ ಬತ್ತಿ ಕೆಳಗಿಟ್ಟರು. "ಸೊಸಿ ಆದಾಕಿ ಹೇಳಿಸ್ಕೊಂಡು ತುಂಬತಾಳೇನಪಾ? ಇವತ್ತ ಹೆಂಡ್ತೀನ್ನ ಮಷೀನ ಮಾಡಿದಿ, ನಾಳೆ ಅವ್ವನ್ನ ಏನ ಮಾಡ್ತೀ?"

"ಅವ್ವಾ, ಮಷೀನು ಎದ್ದು ಅಡಗಿಮನಿಗೆ ಹೋಗೂದಿಲ್ಲ."

"ಹಂಗಾರ ಅಲ್ಲಿ ಯಾರು ತಂದು ಹಾಕ್ತಾರ್ರಿ?" ಎಂದೆ.

ಇವರು ಹಾಳೆಗಳನ್ನು ಮೊದಲಿನಿಂದ ತಿರುವಿದರು. ಸಾಮಾನು ತೀರಿದರೆ ಏನು ಮಾಡಬೇಕೆಂಬುದು ಎಲ್ಲಿಯೂ ಇರಲಿಲ್ಲ. ಸ್ಟೋರಿನಲ್ಲಿ ಸಾಮಾನು ತೀರುವ ಮೊದಲೇ ಯಾರಾದರೊಬ್ಬರು ತರಿಸಿಬಿಡುತ್ತಿದ್ದರಂತೆ. ಅದೂ ಒಂದು ಕೆಲಸವೆಂದು ಅವರು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ.

ಬಿಟ್ಟುಹೋದದ್ದನ್ನು ಬರೆದು ಮತ್ತೆ ಓದತೊಡಗಿದರು. ಬಟ್ಟಲು ಖಾಲಿಯಾಯಿತು. ಮುಂದಿನ ಸಾಲು ಓದಲು ಇವರು ಬೇಕೆಂದೇ ತಡ ಮಾಡಿದರು. ನಾನು ಕೈ ಮಡಿಲಲ್ಲಿಟ್ಟು ಕೂತೆ.

"ಏಳವಾ, ತೀರ್ಯಾವ," ಎಂದರು ಅತ್ತೆ.

"ಸುಮ್ಮಕಿರವಾ. ಈಗ ಛಲೋ ಮಾಡಾಕತ್ತಾಳ."

ಮದುವೆಯಾದಾಗಿನಿಂದ ಇವರು ನನ್ನನ್ನು ಹೊಗಳಿದ್ದು ಅದೇ ಮೊದಲು, ಅದೂ ಏನೂ ಮಾಡದೆ ಕೂತದ್ದಕ್ಕೆ.

ಸೋಮವಾರ ಸಂಜೆ ಊಟಕ್ಕೆ ಕೂತವರೇ, "ಸಾಹೇಬರು ಒಪ್ಪಿದ್ರು, ಕೆಲಸ ನನ್ನ ಕಡೇನ ಉಳೀತು," ಎಂದರು. ಸ್ವಲ್ಪ ಹೊತ್ತಿಗೆ ಇವರ ತಟ್ಟೆಯಲ್ಲಿ ಸಾರು ಮುಗಿಯಿತು. ಬಡಿಸಬೇಕೋ, ಹೇಳುವತನಕ ಕಾಯಬೇಕೋ ತಿಳಿಯದೆ ಸೌಟು ಹಿಡಿದು ನಿಂತೆ.