ಆರನೇ ಕೋಣೆಯ ಗೆರೆ

ನಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಹನ್ನೆರಡು ಕೋಣೆಗಳು. ಹನ್ನೆರಡರಲ್ಲೂ ಮೈನಸ್ ಹದಿನೆಂಟು ಡಿಗ್ರಿ. ಒಳಗೆ ಹೋಗಿಬರುವ ಗಂಡಸುತನ ನನಗಿಲ್ಲ. ನಾನು ಮಹಡಿಯ ಮೇಲೆ ಹೀಟರಿನ ಪಕ್ಕ ಕೂತು ಕಂಪ್ಯೂಟರ್ ಕುಟ್ಟುವವನು. ಹೋಗಿಬರುತ್ತಿದ್ದವರು ಚಳಿಯಕ್ಕ.

ಆ ಹೆಸರು ಯಾರಿಟ್ಟರೋ, ಇಪ್ಪತ್ತೆರಡು ವರ್ಷದಿಂದ ಅಂಟಿಕೊಂಡಿತ್ತು. ಎರಡು ಸ್ವೆಟರಿನ ಮೇಲೆ ಗಂಡನ ಹಳೇ ಕೋಟು. ಗಂಡ ತೀರಿಕೊಂಡು ಒಂಬತ್ತು ವರ್ಷ. "ಇದ್ದಾಗ ಬೆಚ್ಚಗಿಡಲಿಲ್ಲ, ಈಗ ಇಡ್ತಿದ್ದಾರೆ" ಅಂತ ತಾವೇ ನಗುತ್ತಿದ್ದರು. ಎರಡು ಗಂಟೆಗೊಮ್ಮೆ ಪ್ರತಿ ಕೋಣೆಗೂ ಹೋಗಿ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯಬೇಕು. ವಾರದ ಕೊನೆಗೆ ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಟ್ಟು ಗೆರೆ ಎಳೆಯಬೇಕು. ಬೆರಳ ತುದಿಗಳು ಮರಗಟ್ಟಿ ಎಷ್ಟೋ ಕಾಲವಾಗಿತ್ತು. ಟೀ ಬಿಸಿ ಇದೆಯೇ ಎಂದು ಲೋಟವನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಆ ಬೆರಳುಗಳೇ ಎಳೆದ ಪೆನ್ಸಿಲ್ ಗೆರೆ ಮಾತ್ರ ಕೂದಲೆಳೆಯಷ್ಟು ಸಣ್ಣ.

ಕಂಪನಿ ಕೋಣೆಗಳಿಗೆ ಸೆನ್ಸರ್ ಹಾಕಿಸಿತು. ಅವು ಕಳಿಸುವ ಅಂಕಿಗಳಿಂದ ಹನ್ನೆರಡು ಗ್ರಾಫ್ ಬಿಡಿಸುವ ಪ್ರೋಗ್ರಾಂ ಬರೆಯುವುದು ನನ್ನ ಪಾಲಿಗೆ ಬಂತು. ಎರಡು ತಿಂಗಳು ಅಕ್ಕನ ಪುಸ್ತಕವೂ ನನ್ನ ಪ್ರೋಗ್ರಾಮೂ ಜೊತೆಜೊತೆಗೆ ನಡೆಯಬೇಕು. ನನ್ನದು ಸರಿ ಬಂದರೆ ನನ್ನ ನೌಕರಿ ಕಾಯಂ. ಇಲ್ಲದಿದ್ದರೆ ಅಕ್ಕನ ಪೆನ್ಸಿಲ್ಲೇ ಗತಿ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಚುಕಿದರೆ ಸಾಕಂತೆ. ನಾನು ಹಿಚುಕಿದ್ದು ಮೊದಲನೇ ಕೋಣೆಯ ಗ್ರಾಫನ್ನು. ಚಿತ್ರ ಚೆಂದ ಬಂದಿತ್ತು. ಮುಂದಿನವುಗಳಲ್ಲಿ ನೀಲಿ ಗೆರೆ ಬರಬರುತ್ತಾ ದಪ್ಪವಾದಂತೆ ಕಂಡಿತು. ಪ್ರಿಂಟರಿಗೆ ಇಂಕ್ ಹೆಚ್ಚಾಗಿದೆ ಅಂದುಕೊಂಡೆ. ಬುದ್ಧಿವಂತ!

ಮ್ಯಾನೇಜರ್ ಹನ್ನೆರಡೂ ಹಾಳೆಗಳನ್ನು ಮೇಜಿನ ಮೇಲೆ ಹರಡಿ ಅಕ್ಕನನ್ನು ಕರೆಸಿದರು. ಐದನೇ ಕೋಣೆಯಿಂದ ಹನ್ನೆರಡನೆಯದರವರೆಗೂ ಗೆರೆ ಒಂದೇ ಮಧ್ಯಾಹ್ನ ಗುಡ್ಡದಂತೆ ಮೇಲೆದ್ದಿತ್ತು. ಅಕ್ಕನ ಪುಸ್ತಕದಲ್ಲಿ ಐದನೆಯದೊಂದೇ: "ಬಾಗಿಲಿನ ರಬ್ಬರ್ ಕಿತ್ತುಬಂದಿದೆ, ಮಾಲು ಬೇರೆಡೆ ಸಾಗಿಸಿದೆ."

"ಎಂಟು ಕೋಣೆ ಬಿಸಿಯಾಗಿವೆ, ಬರೆದಿರೋದು ಒಂದು. ಉಳಿದ ಏಳಕ್ಕೆ ಕೂತಲ್ಲೇ ಅಂಕಿ ತುಂಬಿದ್ರಿ, ಅಲ್ವಾ?"

"ಹೋಗಿದ್ದೆ ಸರ್. ಹನ್ನೆರಡಕ್ಕೂ."

"ಹಾಗಾದ್ರೆ ಯಂತ್ರ ಸುಳ್ಳು ಹೇಳುತ್ತಾ?"

ಅಕ್ಕ ನನ್ನ ಮುಖ ನೋಡಿದರು. ನಾನು ಹೀಟರಿನ ಮುಖ ನೋಡಿದೆ.

ಶುಕ್ರವಾರದೊಳಗೆ ಉತ್ತರ ಕೊಡದಿದ್ದರೆ ಸುಳ್ಳು ದಾಖಲೆ ಬರೆದರೆಂದು ಕೆಲಸದಿಂದ ತೆಗೆಯುವುದಾಗಿ ತೀರ್ಮಾನವಾಯಿತು. ಈ ಕಸುಬಿನಲ್ಲಿ ಮ್ಯಾನೇಜರುಗಳು ಒಬ್ಬರಿಗೊಬ್ಬರು ಫೋನ್ ಮಾಡಿ ವಿಚಾರಿಸದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಐವತ್ತಮೂರನೇ ವಯಸ್ಸಿನಲ್ಲಿ ಆ ಮಸಿ ಬಳಿಸಿಕೊಂಡರೆ ಯಾವ ಬಾಗಿಲೂ ತೆರೆಯುವುದಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಮೊದಲ ಸಲ ತಾವಾಗಿಯೇ ಮಹಡಿ ಹತ್ತಿ ನನ್ನ ಮೇಜಿಗೆ ಬಂದರು. ನನ್ನ ಐದನೇ ಮತ್ತು ಆರನೇ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿದರು. ಗುಡ್ಡದ ಮೇಲೆ ಗುಡ್ಡ ಅಚ್ಚೊತ್ತಿದಂತೆ ಕೂತಿತು.

"ಎರಡು ಕೋಣೆ ಒಂದೇ ಥರ ಕೆಮ್ಮೋದಿಲ್ಲ ತಮ್ಮಾ. ಬಾಗಿಲು ಬೇರೆ, ಮೋಟರು ಬೇರೆ. ಆರನೇದನ್ನ ಒಂದನ್ನೇ ಬರೆಸು ನೋಡೋಣ."

ಬರೆಸಿದೆ. ಸಪಾಟು ಗೆರೆ. ಗುಡ್ಡವೇ ಇಲ್ಲ.

"ಈಗ ಐದು ಬರೆಸಿ, ಅದರ ಹಿಂದೆಯೇ ಆರು."

ಆರರಲ್ಲಿ ಗುಡ್ಡ ಎದ್ದು ಕೂತಿತು. ನನ್ನ ಕಿವಿ ಬಿಸಿಯಾಯಿತು. ಪ್ರತಿ ಗ್ರಾಫಿಗೂ ಹೊಸ ಹಾಳೆ ತೆಗೆದುಕೋ ಎಂದು ಕಂಪ್ಯೂಟರಿಗೆ ಹೇಳುವುದನ್ನೇ ಮರೆತಿದ್ದೆ. ಅದು ಪಾಪ, ಹಳೇ ಗೆರೆಗಳನ್ನು ಅಳಿಸದೆ ಅದೇ ಹಾಳೆಯ ಮೇಲೆ ಹೊಸದನ್ನು ಎಳೆಯುತ್ತಾ ಹೋಗಿತ್ತು. ಎಲ್ಲಾ ಕೋಣೆಗೂ ಒಂದೇ ಚಳಿಯಾದ್ದರಿಂದ ಗೆರೆಗಳು ಒಂದರ ಮೇಲೊಂದು ಬಿದ್ದು ದಪ್ಪಗಾಗಿದ್ದವು. ಗುಡ್ಡದಡಿಯ ಆ ಸಪಾಟು ಗೆರೆಯನ್ನು ನಾವೆಲ್ಲ ಗ್ರಾಫಿನ ತಳಗೆರೆ ಅಂದುಕೊಂಡಿದ್ದೆವು. ಹನ್ನೆರಡನೇ ಚಿತ್ರದಲ್ಲಿ ಹನ್ನೆರಡು ಕೋಣೆಗಳೂ ಇದ್ದವು.

"ಹನ್ನೆರಡು ಹಾಳೆ ತಗೊಳ್ಳೋಕೆ ನಿನಗೆ ಡಿಗ್ರಿ ಬೇಕಾಯ್ತಾ?" ಎಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರಿಗೆ ನಗು ಬಂದಿತ್ತು, ನಿರಾಳವಾದವರ ನಗು.

ಪ್ರೋಗ್ರಾಮಿಗೆ ಒಂದೇ ಸಾಲು ಸೇರಿಸಿದೆ. ಹೊಸ ಹಾಳೆಗಳನ್ನೂ ಅಕ್ಕನ ಪೆನ್ಸಿಲ್ ಹಾಳೆಗಳನ್ನೂ ಹಿಡಿದು ಇಬ್ಬರೂ ಮ್ಯಾನೇಜರ್ ಹತ್ತಿರ ಹೋದೆವು. ಅವರು ಜೋಡಿ ಜೋಡಿಯಾಗಿ ಇಟ್ಟು ನೋಡಿದರು.

"ತಪ್ಪು ನಂದು ಸರ್. ಕಂಡುಹಿಡಿದದ್ದು ಅಕ್ಕ" ಎಂದೆ.

"ಆಯ್ತು, ಆ ಮಾತು ಬಿಡಿ. ಈಗ ಎರಡೂ ಒಂದೇ ಬರ್ತಿದೆ ತಾನೆ?"

"ಹೂಂ ಸರ್" ಎಂದೆ, ಹೆಮ್ಮೆಯಿಂದ. ಹೇಳಬಾರದಿತ್ತು.

"ಒಂದೇ ಬರೋದಾದ್ರೆ ಎರಡು ಯಾಕೆ?"

ಅಕ್ಕನ ನಗು ನಿಂತಿತು. ತಿಂಗಳ ಕೊನೆಗೆ ಅವರ ಕೆಲಸ ಮುಗಿಯುವುದೆಂದೂ ನನ್ನದು ಕಾಯಂ ಎಂದೂ ಅಲ್ಲೇ ನಿಂತಲ್ಲೇ ಇತ್ಯರ್ಥವಾಯಿತು. ಅಕ್ಕ ಅಳಲಿಲ್ಲ, ಬೇಡಲಿಲ್ಲ. ಒಂದನ್ನೇ ಕೇಳಿದರು. "ನನ್ನ ಪುಸ್ತಕ ಸುಳ್ಳಲ್ಲ, ಪ್ರೋಗ್ರಾಮಿನ ತಪ್ಪು ಅಂತ ಬರೆದುಕೊಡಿ ಸರ್. ಇಲ್ಲಿನ ಮಾತು ಊರೆಲ್ಲಾ ಹಬ್ಬಿದೆ."

"ಕೊಡೋಣ" ಎಂದರು ಮ್ಯಾನೇಜರ್. ಪತ್ರ ಟೈಪ್ ಮಾಡಲು ನನಗೇ ಹೇಳಿದರು. ಎಲ್ಲವನ್ನೂ ಬರೆದೆ: ಐದನೇ ಕೋಣೆ, ಆರನೇ ಕೋಣೆ, ನನ್ನ ಮರೆವು. ಅವರು ಓದಿ ಪೆನ್ನಿನಿಂದ ಮೂರು ಸಾಲು ಹೊಡೆದುಹಾಕಿದರು. "ಗಿರಾಕಿಗಳ ಕೈಗೆ ಸಿಕ್ಕರೆ? ಪ್ರೋಗ್ರಾಂ ವಿಷಯ ಬೇಡ. ನಿನಗೂ ಒಳ್ಳೇದಲ್ಲ."

ನಾನು ತೆಗೆದೆ. ವಾದಿಸಬಹುದಿತ್ತು. ಕಾಯಂ ಆದೇಶದ ಕಾಗದ ಇನ್ನೂ ಅವರ ಡ್ರಾಯರಿನಲ್ಲಿತ್ತು.

ಉಳಿದದ್ದು ಇಷ್ಟೇ: ಇಪ್ಪತ್ತೆರಡು ವರ್ಷ ದುಡಿದಿದ್ದಾರೆ, ನಡತೆ ಉತ್ತಮ.

ಅಕ್ಕ ಮೆಟ್ಟಿಲ ಬಳಿ ನಿಂತು ಪತ್ರವನ್ನು ಎರಡು ಸಲ ಓದಿದರು. ಹಿಂದೆ ಏನಾದರೂ ಇದೆಯೇ ಎಂದು ತಿರುಗಿಸಿ ನೋಡಿದರು.

"ಆರನೇ ಕೋಣೆ ಎಲ್ಲಿ ತಮ್ಮಾ?"

"ಸರ್ ಬೇಡ ಅಂದ್ರು ಅಕ್ಕಾ."

"ನೀನೇನಂದೆ?"

ನಾನು ಏನೂ ಅಂದಿರಲಿಲ್ಲ. ಅವರು ಪತ್ರವನ್ನು ನಾಲ್ಕಾಗಿ ಮಡಚಿ ನನ್ನ ಅಂಗಿಯ ಜೇಬಿಗೆ ತುರುಕಿದರು. "ನಡತೆ ಉತ್ತಮ ಅಂತ ಬರೆದಿದೆ. ಇದು ನಿನಗೇ ಬೇಕಾಗುತ್ತೆ, ಇಟ್ಕೋ" ಎಂದು ಕೆಳಗಿಳಿದು ಹೋದರು.